ಹೊಗೆ ಅಳೆಯುವವರ ಹೊಣೆ

(ಮೋಟಾರು ವಾಹನ ನಿರೀಕ್ಷಕರಾಗಿ ನಿವೃತ್ತರಾದ ಸೋದರಮಾವ ಮತ್ತು ಆಟೊಮೊಬೈಲ್ ಡಿಪ್ಲೊಮಾ ಮುಗಿಸಿ ತುಮಕೂರಿನ ಹೊರವಲಯದ ಪೆಟ್ರೋಲ್ ಬಂಕೊಂದರಲ್ಲಿ ಎಮಿಷನ್ ಟೆಸ್ಟ್ ಕೇಂದ್ರ ತೆರೆಯಲು ಹೊರಟಿರುವ ಸೊಸೆಯ ನಡುವಿನ ಮಾತುಕತೆ)

ಸೊಸೆ: ಮಾವ, ಬಂಕಿನವರು ಜಾಗ ಕೊಡೋದಕ್ಕೆ ಒಪ್ಪಿದ್ದಾರೆ. ಮೆಷಿನ್ ಕೊಟೇಶನ್ನೂ ಬಂತು. ಅರ್ಜಿ ಹಾಕೋ ಮೊದಲು ನಿಮ್ಮ ಹತ್ತಿರ ಎಲ್ಲಾ ಕೇಳ್ಕೊಂಡು ಹೋಗೋಣ ಅಂತ ಬಂದೆ.

ಮಾವ: ಒಳ್ಳೇದಾಯ್ತು. ಮೊದಲು ನೀನೇ ಹೇಳು, ಎಮಿಷನ್ ಸರ್ಟಿಫಿಕೇಟ್ ಅಂದ್ರೆ ನಮ್ಮ ಜನರಿಗೆ ಏನು?

ಸೊಸೆ: ಪೊಲೀಸರು ಗಾಡಿ ನಿಲ್ಲಿಸಿದಾಗ ತೋರಿಸೋ ಕಾಗದ. ಅಷ್ಟೇ.

ಮಾವ: ಹಂಗಾಗಿರೋದೇ ನಮ್ಮ ಕಷ್ಟ. ಟೌನ್‌ಹಾಲ್ ಸರ್ಕಲ್‌ನಲ್ಲಿ ದಿನವಿಡೀ ನಿಂತಿರೋ ಟ್ರಾಫಿಕ್ ಪೊಲೀಸಿನವನು, ಸ್ಕೂಟರ್ ಮುಂದೆ ನಿಂತ್ಕೊಂಡು ಸ್ಕೂಲಿಗೆ ಹೋಗೋ ಮಗು, ರಸ್ತೆ ಬದಿ ಸೊಪ್ಪು ಮಾರೋ ಅಜ್ಜಿ, ಇವರು ಉಸಿರಾಡೋ ಗಾಳಿಗೋಸ್ಕರ ಆ ಪರೀಕ್ಷೆ ಇರೋದು. ಅವರ್ಯಾರೂ ನಿನ್ನ ಕೇಂದ್ರಕ್ಕೆ ಬರಲ್ಲ, ಫೀಸೂ ಕಟ್ಟಲ್ಲ. ಫೀಸು ಕಟ್ಟೋನು ಹೊಗೆ ಬಿಡೋ ಗಾಡಿಯವನು. ನಿಯಮ ಎಲ್ಲಾ ಕಲಿಯುವಾಗ ಇದೊಂದು ತಲೇಲಿ ಇಟ್ಕೋ.

ಸೊಸೆ: ಸರಿ. ಈಗ ನಿಯಮ ಹೇಳಿ.

ಮಾವ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 115ನೇ ನಿಯಮ ಇದಕ್ಕೆಲ್ಲ ಮೂಲ. ಗಾಡಿ ಮೊದಲು ನೋಂದಣಿಯಾಗಿ ಒಂದು ವರ್ಷ ಕಳೆದ ಮೇಲೆ ಮಾಲಿನ್ಯ ನಿಯಂತ್ರಣದಲ್ಲಿದೆ ಅನ್ನೋ ಪ್ರಮಾಣಪತ್ರ ಇರಲೇಬೇಕು. ಹಳೇ ಗಾಡಿಗೆ ಆರು ತಿಂಗಳಿಗೊಮ್ಮೆ, ಬಿಎಸ್-4 ಮತ್ತು ಬಿಎಸ್-6, ಅಂದ್ರೆ ಭಾರತ್ ಸ್ಟೇಜ್ ಮಾನದಂಡದ ಈಚಿನ ಹಂತಗಳ ಗಾಡಿಗೆ ವರ್ಷಕ್ಕೊಮ್ಮೆ. ಬ್ಯಾಟರಿ ಗಾಡಿಗೆ ಸೈಲೆನ್ಸರೇ ಇಲ್ಲ, ಹಾಗಾಗಿ ಪರೀಕ್ಷೆಯೂ ಇಲ್ಲ. ನಿಯಮ ಮೀರಿದರೆ ಮೋಟಾರು ವಾಹನ ಕಾಯ್ದೆಯ 190ನೇ ಸೆಕ್ಷನ್ ಇದೆ. 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಡಿಎಲ್ಲೂ ಮೂರು ತಿಂಗಳು ಅಮಾನತು ಆಗಬಹುದು.

ಸೊಸೆ: ಮಿತಿಗಳು? ಎಲ್ಲಾ ಗಾಡಿಗೂ ಒಂದೇ ಅಳತೆ ಅಲ್ವಲ್ಲ.

ಮಾವ: ಅಲ್ಲ. ಗಾಡಿ ಹುಟ್ಟಿದ ಕಾಲ ನೋಡಿ ಅಳತೆ. 2000ದ ಮಾರ್ಚ್ 31ಕ್ಕಿಂತ ಹಿಂದಿನ ಬೈಕು, ಆಟೊಗೆ ಕಾರ್ಬನ್ ಮೊನಾಕ್ಸೈಡ್ ಶೇ 4.5ರವರೆಗೆ ಬಿಟ್ಟಿದ್ದಾರೆ, ಆಮೇಲೆ ಬಂದದ್ದಕ್ಕೆ ಶೇ 3.5ಕ್ಕೆ ಇಳಿಸಿದ್ರು. ಪೆಟ್ರೋಲ್ ಕಾರಿಗೆ ಬಿಎಸ್-2ಗಿಂತ ಮುಂಚೆ ಶೇ 3 ಇತ್ತು, ಬಿಎಸ್-2 ಬಂದಾಗ ಶೇ 0.5, ಬಿಎಸ್-4 ಬಂದಾಗ ಶೇ 0.3. ಅಂದ್ರೆ ಆ ಹಳೇ ಕಾರಿಗೆ ಒಪ್ಪಿದ ಹೊಗೆಯ ಹತ್ತನೇ ಒಂದು ಪಾಲು ಮಾತ್ರ. ಜೊತೆಗೆ ಸುಡದೇ ಉಳಿದ ಇಂಧನ, ಅಂದ್ರೆ ಹೈಡ್ರೊಕಾರ್ಬನ್ನು. ಅದನ್ನ ಹತ್ತು ಲಕ್ಷದಲ್ಲಿ ಎಷ್ಟು ಭಾಗ ಅಂತ ಅಳೀತಾರೆ. ಬಿಎಸ್-2 ಕಾರಿಗೆ 750, ಬಿಎಸ್-4ಕ್ಕೆ 200.

ಸೊಸೆ: ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಸೇರಿದರೆ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ತಾನೇ ಹಿಮೋಗ್ಲೋಬಿನ್‌ಗೆ ಅಂಟ್ಕೊಳ್ಳುತ್ತೆ. ಕಾಲೇಜಲ್ಲಿ ಓದಿದೀನಿ.

ಮಾವ: ಅದಕ್ಕೇ ಕಣ್ಣಿಂದ ಹೇಳೋಕಾಗಲ್ಲ, ಮೆಷಿನ್ ಬೇಕು. ಪೆಟ್ರೋಲ್ ಗಾಡಿಗೆ ನಾಲ್ಕು ಅನಿಲ ಅಳೆಯೋ ಯಂತ್ರ, ಡೀಸೆಲ್‌ಗೆ ಸ್ಮೋಕ್ ಮೀಟರ್. ಎಆರ್‌ಎಐ ಥರದ ಮಾನ್ಯತೆ ಪಡೆದ ಸಂಸ್ಥೆ ಒಪ್ಪಿದ ಮಾದರಿಯ ಯಂತ್ರವೇ ಆಗಬೇಕು. ಪೆಟ್ರೋಲ್ ಗಾಡಿ ಹೇಗೆ ಪರೀಕ್ಷೆ ಮಾಡ್ತೀಯ, ಹೇಳು ನೋಡೋಣ.

ಸೊಸೆ: ಎಂಜಿನ್ ಬಿಸಿಯಾಗಿರಬೇಕು. ಐಡ್ಲಿಂಗ್‌ನಲ್ಲಿ ಬಿಟ್ಟು, ಪ್ರೋಬ್ ಅನ್ನ ಸೈಲೆನ್ಸರ್ ಒಳಗೆ 300 ಮಿಲಿಮೀಟರಾದ್ರೂ ತೂರಿಸಬೇಕು. ರೀಡಿಂಗ್ ನಿಂತ ಮೇಲೆ ಬರ್ಕೊಳ್ಳೋದು. ಬಿಎಸ್-4 ಕಾರಾದ್ರೆ 2,500 ಆರ್‌ಪಿಎಂ ಸುತ್ತಮುತ್ತ ಇಟ್ಟು ಲ್ಯಾಂಬ್ಡಾನೂ ನೋಡಬೇಕು, ಗಾಳಿ–ಇಂಧನದ ಮಿಶ್ರಣ ಹದವಾಗಿದೆಯಾ ಅಂತ. ಡೀಸೆಲ್ ಆದ್ರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಡೋದು, ಹೀಗೆ ಕೆಲವು ಸಲ ಮಾಡಿ ಸರಾಸರಿ ತೆಗೆಯೋದು. ಹೊಗೆ ಬೆಳಕನ್ನ ಎಷ್ಟು ತಡೆಯುತ್ತೆ ಅನ್ನೋದೇ ಅಲ್ಲಿ ಅಳತೆ. ಅದರ ಮಿತಿ ಬಿಎಸ್-4ಗಿಂತ ಹಿಂದಿನದಕ್ಕೆ 2.45, ಬಿಎಸ್-4ಕ್ಕೆ 1.62.

ಮಾವ: ಪ್ರೋಬು ಮೂರೇ ಇಂಚು ಒಳಗೆ ಹೋದ್ರೆ ಏನಾಗುತ್ತೆ?

ಸೊಸೆ: ಹೊರಗಿನ ಗಾಳಿ ಬೆರೆಯುತ್ತೆ. ಕೆಟ್ಟ ಗಾಡೀನೂ ಪಾಸಾಗುತ್ತೆ. ಆದ್ರೆ ಕಾರ್ಬನ್ ಡೈಆಕ್ಸೈಡ್ ಇಳಿದು ಆಮ್ಲಜನಕ ಏರಿರೋದರಲ್ಲೇ ಗೊತ್ತಾಗಿಬಿಡುತ್ತೆ. ನಾಲ್ಕು ಅನಿಲ ಅಳೆಯೋದು ಅದಕ್ಕೂ ಆಗುತ್ತಲ್ವಾ?

ಮಾವ: ಭೇಷ್. ಯಂತ್ರಕ್ಕೆ ಕಳ್ಳತನ ಕಾಣಿಸುತ್ತೆ, ನೋಡೋರು ಬೇಕು. ಈಗ ಕೇಂದ್ರಗಳ ವಿಷಯಕ್ಕೆ ಬರೋಣ. ನಮ್ಮಲ್ಲಿ ಎಷ್ಟು ಥರ ಇದೆ ಅಂತ ಗೊತ್ತಾ?

ಸೊಸೆ: ಬಂಕಿನಲ್ಲಿರೋದು ಒಂದು. ರಸ್ತೆ ಬದಿ ನಿಲ್ಲೋ ಓಮ್ನಿ ವ್ಯಾನು ಒಂದು. ಸರ್ವಿಸ್ ಸೆಂಟರ್ ಒಳಗಿರೋದು ಇನ್ನೊಂದು.

ಮಾವ: ಇವು ಮೂರೂ ಹೊಗೆ ಮಾತ್ರ ನೋಡೋವು. ಯೆಲ್ಲೋ ಬೋರ್ಡ್ ಗಾಡಿಗಳಿಗೆ ಎಫ್‌ಸಿ, ಅಂದ್ರೆ ಫಿಟ್‌ನೆಸ್ ಸರ್ಟಿಫಿಕೇಟ್ ಅಂತ ಬೇರೆ ಪರೀಕ್ಷೆ ಇದೆ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಅದನ್ನ ನಮ್ಮಂಥವರು ಮೈದಾನದಲ್ಲಿ ನಿಂತು ನೋಡಿ ಕೊಡ್ತಿದ್ವಿ. ಅದಕ್ಕೇ ಜನ ನಮ್ಮನ್ನ ಬ್ರೇಕ್ ಇನ್‌ಸ್ಪೆಕ್ಟರ್ ಅನ್ನೋದು. ಬ್ರೇಕ್ ಹಿಡಿಯುತ್ತಾ, ಲೈಟು ಉರಿಯುತ್ತಾ, ಸ್ಟೀರಿಂಗ್ ಆಡುತ್ತಾ ಅಂತ ನೋಡಿ, ಒಂದು ಸುತ್ತು ಓಡಿಸೋದು. ಕಣ್ಣು, ಕಿವಿ, ಅನುಭವ ಇಷ್ಟೇ ಬಂಡವಾಳ. ಈಗ ಸ್ವಯಂಚಾಲಿತ ಪರೀಕ್ಷಾ ಕೇಂದ್ರ ಬರ್ತಿವೆ. ಗಾಡಿ ಒಂದು ಲೇನಿಗೆ ನುಗ್ಗಿದ್ರೆ ರೋಲರ್ ಮೇಲೆ ಬ್ರೇಕು, ಹೆಡ್‌ಲೈಟು, ಸಸ್ಪೆನ್ಷನ್ನು, ಹೊಗೆ ಎಲ್ಲಾ ಯಂತ್ರವೇ ಅಳೆದು ಫಲಿತಾಂಶ ಸರ್ವರ್‌ಗೆ ಕಳಿಸುತ್ತೆ. 2021ರ ಸೆಪ್ಟೆಂಬರ್‌ನಲ್ಲಿ ಅದಕ್ಕೆ ನಿಯಮ ಬಂತು. ಆ ನಿಯಮದಲ್ಲಿ ನಂಗೆ ಬಹಳ ಹಿಡಿಸಿದ ಒಂದು ಷರತ್ತಿದೆ.

ಸೊಸೆ: ಯಾವುದು?

ಮಾವ: ಆ ಕೇಂದ್ರ ಪರೀಕ್ಷೆ ಮಾತ್ರ ಮಾಡಬೇಕು. ರಿಪೇರಿ ಮಾಡಂಗಿಲ್ಲ, ಗಾಡಿ ಮಾರಂಗಿಲ್ಲ, ಬಿಡಿಭಾಗ ಮಾರಂಗಿಲ್ಲ. ಫೇಲ್ ಅಂದ್ರೂ ಪಾಸ್ ಅಂದ್ರೂ ಅವನಿಗೆ ಬರೋ ದುಡ್ಡು ಒಂದೇ ಇರಬೇಕು ಅನ್ನೋದು ಅದರ ತಾತ್ಪರ್ಯ.

ಸೊಸೆ: ಅಲ್ಲೇ ನಾನು ಕೇಳಬೇಕು ಅಂತಿದ್ದಿದ್ದು, ಮಾವ. ನನ್ನ ಕೇಂದ್ರದಲ್ಲಿ ರಿಪೇರಿ ಇರಲ್ಲ. ಆದ್ರೂ ನಾನು ಒಂದು ಗಾಡಿ ಫೇಲ್ ಮಾಡಿದೆ ಅಂದ್ಕೊಳ್ಳಿ. ಅವನು ಮುಂದಿನ ಬಂಕಿಗೆ ಹೋಗ್ತಾನೆ, ಅಲ್ಲಿ ಪಾಸಾಗುತ್ತೆ. ಹೋದೋನು ಮತ್ತೆ ನನ್ನ ಹತ್ರ ಬರಲ್ಲ, ಸ್ನೇಹಿತರಿಗೂ ಹೇಳ್ತಾನೆ. ಕಟ್ಟುನಿಟ್ಟಾಗಿದ್ರೆ ಗಿರಾಕಿ ಹೋಗ್ತಾರೆ, ಸಡಿಲ ಬಿಟ್ರೆ ಬರ್ತಾರೆ. ಫೀಸು ಸರ್ಕಾರ ನಿಗದಿ ಮಾಡಿರುತ್ತೆ, ಬಾಡಿಗೆ ನಾನು ಕಟ್ಟಬೇಕು. ನಾನು ನಿಯತ್ತಾಗಿದ್ದು ಬಾಗಿಲು ಮುಚ್ಚಿದ್ರೆ ಊರಿನ ಗಾಳಿಗೆ ಏನು ಉಪಕಾರ ಆಯ್ತು?

ಮಾವ: ಮನುಷ್ಯನಿಗೆ ಆತ್ಮಸಾಕ್ಷಿ ಅಂತ ಒಂದಿರಬೇಕಲ್ಲಮ್ಮ.

ಸೊಸೆ: ಇರಲಿ ಮಾವ, ಇದೆ. ಆದ್ರೆ ಊರಲ್ಲಿರೋ ಎಲ್ಲಾ ಕೇಂದ್ರದವರ ಆತ್ಮಸಾಕ್ಷಿ ಮೇಲೆ ಒಂದು ವ್ಯವಸ್ಥೆ ನಿಲ್ಲಿಸೋಕಾಗುತ್ತಾ? ದೆಹಲಿಯದು ನೋಡಿ. ಸರ್ಕಾರದ ಲೆಕ್ಕಪರಿಶೋಧನೆ ಮಾಡೋ ಸಿಎಜಿಯ ವರದಿ 2025ರ ಏಪ್ರಿಲ್‌ನಲ್ಲಿ ಅಲ್ಲಿನ ವಿಧಾನಸಭೆಗೆ ಬಂತು. ಮಿತಿ ಮೀರಿ ಹೊಗೆ ಬಿಡ್ತಿದ್ದ 1.08 ಲಕ್ಷಕ್ಕೂ ಹೆಚ್ಚು ಗಾಡಿಗೆ ಪ್ರಮಾಣಪತ್ರ ಕೊಟ್ಟಿದ್ದಾರೆ ಅಂತಿದೆ. ಒಂದೇ ಕೇಂದ್ರದಲ್ಲಿ ಒಂದೇ ಹೊತ್ತಿಗೆ ಒಂದಕ್ಕಿಂತ ಹೆಚ್ಚು ಗಾಡಿ ಪರೀಕ್ಷೆ ಆಗಿದೆ ಅಂತ ತೋರಿಸಿರೋ ಪ್ರಕರಣಗಳೂ ಸಾವಿರಗಟ್ಟಲೆ. ಯಂತ್ರ ಸರಿಯಾಗೇ ಅಳೆದಿದೆ, ಮಿತಿ ಮೀರಿದೆ ಅಂತ ಬರೆದಿದೆ, ಆದ್ರೂ ಪಾಸ್! ಅಲ್ಲಿದ್ದೋರೆಲ್ಲ ದುಷ್ಟರು ಅಂತ ನಾನು ನಂಬಲ್ಲ. ಫೇಲ್ ಅಂದೋರಿಗೆ ನಷ್ಟ ಆಗೋ ಹಾಗೆ ಅಂಗಡಿ ಕಟ್ಟಿಕೊಟ್ಟಿದ್ದಾರೆ.

ಮಾವ: ಮಾತು ನಿಜ. ಕಾನೂನು ಬಿಗಿ ಮಾಡೋ ಪ್ರಯತ್ನವೇನೋ ಆಗಿದೆ. 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಎಮಿಷನ್ ಸರ್ಟಿಫಿಕೇಟ್ ಇಲ್ಲದೇ ವಿಮೆ ನವೀಕರಣ ಮಾಡಬಾರದು ಅಂತು. ಆಮೇಲೆ ವಿಮೆಯೇ ಇಲ್ಲದ ಗಾಡಿ ರಸ್ತೆ ಮೇಲೆ ಜಾಸ್ತಿಯಾಗಿ, ಅಪಘಾತದಲ್ಲಿ ನೊಂದವರಿಗೆ ಪರಿಹಾರ ಸಿಗ್ತಿಲ್ಲ ಅಂತ ವಿಮೆಯವರು ಹೇಳಿದ ಮೇಲೆ 2024ರ ಜುಲೈನಲ್ಲಿ ಕೋರ್ಟೇ ಆ ಷರತ್ತು ಸಡಿಲಿಸ್ತು.

ಸೊಸೆ: ನೋಡಿ, ಅದೆಲ್ಲ ಜನ ಕಾಗದ ತಗೊಳ್ಳೋ ಹಾಗೆ ಮಾಡೋದು. ಕಾಗದ ನಿಜ ಹೇಳೋ ಹಾಗೆ ಮಾಡೋದಲ್ಲ.

ಮಾವ: ಅದಕ್ಕೂ ಒಂದು ಹೆಜ್ಜೆ ಇಟ್ಟಿದ್ದಾರೆ. 2021ರ ಜೂನ್‌ನಲ್ಲಿ ದೇಶಕ್ಕೆಲ್ಲ ಒಂದೇ ನಮೂನೆ ಮಾಡಿದ್ರು. ಕ್ಯೂಆರ್ ಕೋಡ್ ಬಂತು, ಮಾಲೀಕನ ಮೊಬೈಲಿಗೆ ಮೆಸೇಜ್ ಹೋಗುತ್ತೆ, ರಾಷ್ಟ್ರೀಯ ರಿಜಿಸ್ಟರ್‌ಗೆ ಜೋಡಣೆ ಆಯ್ತು. ಅದರಲ್ಲೇ ತಿರಸ್ಕಾರ ಚೀಟಿ ಅಂತ ಒಂದು ಬಂತು. ಗಾಡಿ ಫೇಲಾದ್ರೆ ಯಾಕೆ ಅಂತ ಬರೆದು ಕೊಡಬೇಕು. ಅದನ್ನ ತಗೊಂಡು ಹೋಗಿ ಸರ್ವಿಸ್ ಮಾಡಿಸಬಹುದು, ನಿನ್ನ ಯಂತ್ರದ ಮೇಲೆ ಅನುಮಾನ ಇದ್ರೆ ಬೇರೆ ಕೇಂದ್ರದಲ್ಲೂ ತೋರಿಸಬಹುದು. ನನ್ನ ಕೇಳಿದ್ರೆ ಪಾಸ್ ಸರ್ಟಿಫಿಕೇಟಿಗಿಂತ ಆ ಚೀಟಿಯೇ ಬೆಲೆಯುಳ್ಳದ್ದು. ಗಾಡಿಯಲ್ಲಿ ಏನೋ ಕೆಟ್ಟಿದೆ, ಪೆಟ್ರೋಲು ಸುಮ್ನೆ ಸುಡ್ತಿದೆ ಅಂತ ಮಾಲೀಕನಿಗೆ ಹೇಳೋದು ಅದೊಂದೇ.

ಸೊಸೆ: ಅದು ಒಪ್ಪಿದೆ. ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಬಂದ್ರೆ ಇಂಧನ ಹೆಚ್ಚು ಹೋಗ್ತಿದೆ. ಹೈಡ್ರೊಕಾರ್ಬನ್ ಜಾಸ್ತಿ ಅಂದ್ರೆ ಸ್ಪಾರ್ಕ್ ಪ್ಲಗ್ ಸರಿಯಿಲ್ಲದೇ ಇರಬಹುದು. ಡೀಸೆಲ್ ಕಪ್ಪು ಹೊಗೆ ಅಂದ್ರೆ ಏರ್ ಫಿಲ್ಟರ್, ಇಂಜೆಕ್ಟರ್ ನೋಡಬೇಕು. ಇಷ್ಟನ್ನ ಚೀಟಿ ಮೇಲೆ ಕನ್ನಡದಲ್ಲಿ ಬರೆದುಕೊಟ್ರೆ ಅವನ ಮೆಕ್ಯಾನಿಕ್‌ಗೂ ದಾರಿ ಸಿಗುತ್ತೆ.

ಮಾವ: ಅದು ಸರಿ. ನಿನ್ನ ಅಣ್ಣ ಇರೋ ಕ್ಯಾಲಿಫೋರ್ನಿಯಾದಲ್ಲಿ ಹೇಗಂತೆ? ಹೊಗೆ ಪರೀಕ್ಷೆ ಅವರ ಹತ್ರ ಹಳೇದು.

ಸೊಸೆ: ಅವನನ್ನ ಕೇಳಿ ತಿಳ್ಕೊಂಡೆ, ನಾನೂ ಓದಿದೆ. ಅಲ್ಲಿ 1984ರಿಂದ ಸ್ಮಾಗ್ ಚೆಕ್ ಇದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ. ಪೆಟ್ರೋಲ್ ಕಾರು ಹೊಸದಾದ್ರೆ ಎಂಟು ವರ್ಷದವರೆಗೆ ಪರೀಕ್ಷೆ ಇಲ್ಲ, ಬದಲಿಗೆ ಶುಲ್ಕ ಕಟ್ಟಬೇಕು. 2000ನೇ ಇಸವಿ ಮತ್ತು ಆಮೇಲಿನ ಕಾರಿಗೆ ಸೈಲೆನ್ಸರ್‌ಗೆ ಪ್ರೋಬ್ ಹಾಕೋದೇ ಇಲ್ಲ, ಕಾರಿನ ಕಂಪ್ಯೂಟರ್‌ಗೇ ತಂತಿ ಜೋಡಿಸಿ ಓದ್ತಾರೆ. ಅದಕ್ಕಿಂತ ಹಳೇದನ್ನ ಹೆಚ್ಚು ಮಾಲಿನ್ಯದ ಕಡೆ ರೋಲರ್ ಮೇಲೆ ಓಡಿಸಿ ಅಳೀತಾರೆ. ಕೇಂದ್ರಗಳಲ್ಲಿ ಪರೀಕ್ಷೆ ಮಾತ್ರ ಮಾಡೋದು, ಪರೀಕ್ಷೆ–ರಿಪೇರಿ ಎರಡೂ ಮಾಡೋದು, ರಿಪೇರಿ ಮಾತ್ರ ಮಾಡೋದು ಅಂತ ಬೇರೆ ಬೇರೆ ಇವೆ.

ಮಾವ: ರಿಪೇರಿ ಮಾಡೋನೇ ಪರೀಕ್ಷೆನೂ ಮಾಡಿದ್ರೆ ಸುಮ್ನೆ ಫೇಲ್ ಅಂದು ಖರ್ಚು ಹಾಕಿಸಬಹುದು. ಇಲ್ಲಾ ತಾನೇ ಮಾಡಿದ ರಿಪೇರಿ ಸರಿಯಿಲ್ಲದಿದ್ರೂ ಪಾಸ್ ಅನ್ನಬಹುದು.

ಸೊಸೆ: ಅಲ್ಲೂ ಅದೇ ಜಗಳ ಆಗಿತ್ತು. 1992ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಇಪಿಎ, ಪರೀಕ್ಷೆ–ರಿಪೇರಿ ಒಂದೇ ಕಡೆ ಮಾಡೋ ವ್ಯವಸ್ಥೆಗೆ ಮಾಲಿನ್ಯ ಇಳಿಸಿದ ಲೆಕ್ಕದಲ್ಲಿ ಅರ್ಧವೇ ಅಂಕ ಕೊಡ್ತೀನಿ ಅಂತು. ಕ್ಯಾಲಿಫೋರ್ನಿಯಾ ಒಪ್ಪಲಿಲ್ಲ, ಕೊನೆಗೆ ಎರಡನ್ನೂ ಬೆರೆಸಿದ ವ್ಯವಸ್ಥೆ ಮಾಡ್ಕೊಂಡ್ತು. ಆದ್ರೆ ನನ್ನ ಕಣ್ಣು ತೆರೆಸಿದ್ದು 2013ರಿಂದ ನಡೀತಿರೋ ಸ್ಟಾರ್ ಪದ್ಧತಿ. ಹೆಚ್ಚು ಹೊಗೆ ಬಿಡೋ ಸಾಧ್ಯತೆ ಇರೋ ಗಾಡಿಗಳನ್ನ ಸ್ಟಾರ್ ಮಾನ್ಯತೆ ಇರೋ ಕೇಂದ್ರಕ್ಕೇ ಕಳಿಸ್ತಾರೆ. ಆ ಮಾನ್ಯತೆ ಉಳಿಯಬೇಕಾದ್ರೆ ಕೇಂದ್ರಕ್ಕೆ ಅಂಕ ಬರಬೇಕು. ಒಂದು ಅಂಕ ಹೇಗೆ ಲೆಕ್ಕ ಹಾಕ್ತಾರೆ ಗೊತ್ತಾ? ಇವತ್ತು ನಾನು ಪಾಸ್ ಮಾಡಿದ ಗಾಡಿಗಳು ಮುಂದಿನ ಸಲದ ಪರೀಕ್ಷೆಯಲ್ಲಿ ಹೇಗೆ ಬರ್ತವೆ ಅಂತ ನೋಡಿ.

ಮಾವ: ಅಂದ್ರೆ ಕಣ್ಣು ಮುಚ್ಚಿ ಪಾಸ್ ಮಾಡಿದೋನು ಇವತ್ತಲ್ಲದಿದ್ರೆ ನಾಳೆ ಸಿಕ್ಕಿಬೀಳ್ತಾನೆ!

ಸೊಸೆ: ಹೌದು. ನಿಯತ್ತಾಗಿದ್ದೋರಿಗೆ ಗಿರಾಕಿ ತಾನಾಗೇ ಬರ್ತಾರೆ. ಕಟ್ಟುನಿಟ್ಟು ಅನ್ನೋದು ಅಲ್ಲಿ ವ್ಯಾಪಾರಕ್ಕೆ ಲಾಭ. ಕೇಂದ್ರದ ತೀರ್ಪು ಸರಿಯಿಲ್ಲ ಅನ್ನಿಸಿದ್ರೆ ಮಾಲೀಕ ರೆಫರಿ ಹತ್ರ ಹೋಗಬಹುದು. ಕಡಿಮೆ ಆದಾಯದವರಿಗೆ ರಿಪೇರಿಗೆ ಸರ್ಕಾರ ನೆರವು ಕೊಡುತ್ತೆ, ಗಾಡಿ ಪೂರ್ತಿ ಬಿಟ್ಟುಕೊಡ್ತೀನಿ ಅಂದ್ರೂ ದುಡ್ಡು ಕೊಡುತ್ತೆ.

ಮಾವ: ಈ ಕೊನೇ ಮಾತು ನನ್ನ ಮನಸ್ಸಿಗೆ ಹತ್ತಿರದ್ದು. ಆಟೊದವನ ಗಾಡಿ ಹಿಡಿದು ನಿಲ್ಲಿಸಿದ ದಿನ ಅವನ ಮನೆಗೆ ದುಡಿಮೆ ಹೋಗಲ್ಲ. ಅವನ ಮುಖ ನೋಡಿದಾಗ ಬಿಟ್ಟುಬಿಡೋಣ ಅನ್ನಿಸುತ್ತೆ. ಆದ್ರೆ ಆ ಹೊಗೇನ ಮೊದಲು ಕುಡಿಯೋನು ಅವನೇ, ಇಡೀ ದಿನ ಆ ಗಾಡಿ ಜೊತೆ ಇರೋನು ಅವನೇ. ಸುಳ್ಳು ಪಾಸ್ ಕೊಡೋದು ಅವನಿಗೆ ಕರುಣೆ ತೋರಿಸಿದ ಹಾಗಲ್ಲ. ಕಾರ್ಬ್ಯುರೇಟರ್ ತೊಳೆಸೋಕೆ, ಹಳೇ ಆಟೊ ಬದಲಾಯಿಸೋಕೆ ಅವನಿಗೆ ಕೈ ಆಸರೆ ಕೊಡೋದು ಕರುಣೆ. ನಮ್ಮಲ್ಲಿ ಪರೀಕ್ಷೆ ಇದೆ, ದಂಡ ಇದೆ, ಆ ಆಸರೆ ಕಡಿಮೆ. ಅದು ಬರೋವರೆಗೂ ಬಡವನು ಸುಳ್ಳು ಕಾಗದವನ್ನೇ ಹುಡುಕ್ತಾನೆ.

ಸೊಸೆ: ಇನ್ನೊಂದು ಕೊರಗು ನನಗೆ. ನಾನು ಎಷ್ಟೇ ಸರಿಯಾಗಿ ಅಳೆದ್ರೂ, ಈ ಯಂತ್ರ ನೈಟ್ರೋಜನ್ ಆಕ್ಸೈಡ್ ಅಳೆಯೋದೇ ಇಲ್ಲ. ಪಿಎಂ 2.5 ಅಂತೀವಲ್ಲ, ಆ ಸಣ್ಣ ಕಣಗಳನ್ನೂ ಎಣಿಸಲ್ಲ. ಬಿಎಸ್-6 ಡೀಸೆಲ್ ಕಾರಲ್ಲಿ ಕಣ ಹಿಡಿಯೋ ಫಿಲ್ಟರ್ ಇದೆ. ಅದು ಬಿರುಕು ಬಿಟ್ರೂ, ಯಾರೋ ಕಿತ್ತು ಹಾಕಿದ್ರೂ ಸ್ಮೋಕ್ ಮೀಟರ್‌ಗೆ ಗೊತ್ತಾಗದೇ ಹೋಗಬಹುದು. ಯುರೋಪಿನಲ್ಲಿ ಅದಕ್ಕೇ ಕಣ ಎಣಿಸೋ ಯಂತ್ರ ತಂದಿದ್ದಾರೆ. ಬೆಲ್ಜಿಯಂ 2022ರಲ್ಲಿ, ನೆದರ್ಲೆಂಡ್ಸ್, ಜರ್ಮನಿ 2023ರಲ್ಲಿ ಶುರು ಮಾಡಿದ್ವು.

ಮಾವ: ನಿಂತಲ್ಲೇ ಅಳೆಯೋ ಯಾವ ಪರೀಕ್ಷೆಗೂ ಮಿತಿ ಇದೆ. ಫೋಕ್ಸ್‌ವ್ಯಾಗನ್ ಕಥೆ ಗೊತ್ತಲ್ಲ? ಲ್ಯಾಬಿನಲ್ಲಿ ಪರೀಕ್ಷೆ ನಡೀತಿದೆ ಅಂತ ಕಾರಿನ ಸಾಫ್ಟ್‌ವೇರ್‌ಗೆ ಗೊತ್ತಾಗ್ತಿತ್ತು. ಆಗ ಶುದ್ಧವಾಗಿ ಓಡ್ತಿತ್ತು, ರಸ್ತೆಗಿಳಿದ್ರೆ ನೈಟ್ರೋಜನ್ ಆಕ್ಸೈಡ್ ಮಿತಿಯ 40 ಪಟ್ಟುವರೆಗೂ ಹೋಗ್ತಿತ್ತು ಅಂತ 2015ರ ಸೆಪ್ಟೆಂಬರ್‌ನಲ್ಲಿ ಇಪಿಎ ಹೇಳ್ತು. ಅದರ ಸುಳಿವು ಸಿಕ್ಕಿದ್ದು ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ಪುಟ್ಟ ತಂಡಕ್ಕೆ. ಅಳೆಯೋ ಯಂತ್ರವನ್ನೇ ಕಾರಿಗೆ ಕಟ್ಕೊಂಡು ರಸ್ತೆ ಮೇಲೆ ಓಡಿಸಿ ಅಳೆದ್ರು. ಆ ತಂಡದಲ್ಲಿದ್ದ ವಿದ್ಯಾರ್ಥಿಗಳಲ್ಲಿ ನಮ್ಮ ಬೆಂಗಳೂರಿನ ಹೇಮಂತ್ ಕಪ್ಪಣ್ಣ ಒಬ್ಬರು.

ಸೊಸೆ: ಹೌದಾ! ನಮ್ಮಲ್ಲೂ 2023ರ ಏಪ್ರಿಲ್‌ನಿಂದ ಬಿಎಸ್-6ರ ಎರಡನೇ ಹಂತದಲ್ಲಿ ಹೊಸ ಕಾರುಗಳನ್ನ ರಸ್ತೆ ಮೇಲೆ ಓಡಿಸಿ ಅಳೆಯೋದು ಬಂದಿದೆ. ಆದ್ರೆ ಅದು ಕಂಪನಿಯ ಕಾರಿಗೆ. ಐದು ವರ್ಷ ಓಡಿದ ಮೇಲೆ ಅದೇ ಕಾರು ಹೇಗಿದೆ ಅಂತ ನೋಡೋಕೆ ನನ್ನಂಥ ಕೇಂದ್ರವೇ ಗತಿ.

ಮಾವ: ಅದಕ್ಕೇ ನಿನ್ನ ಕೆಲಸ ಸಣ್ಣದಲ್ಲ. ಯಂತ್ರ ಅಳೆಯದೇ ಇರೋದಕ್ಕೆ ನೀನು ಹೊಣೆಯಲ್ಲ. ಅಳೆದಿದ್ದನ್ನ ಇದ್ದ ಹಾಗೆ ಹೇಳೋದು ನಿನ್ನ ಹೊಣೆ. ಸರಿ, ಇಷ್ಟೆಲ್ಲ ಕೇಳಿದ ಮೇಲೆ ಅರ್ಜಿ ಹಾಕ್ತೀಯೋ ಬಿಡ್ತೀಯೋ?

ಸೊಸೆ: ಹಾಕ್ತೀನಿ, ಮಾವ. ಯಂತ್ರದ ಪರದೆ ಗಿರಾಕಿ ಕಡೆ ತಿರುಗಿಸಿ ಇಡ್ತೀನಿ, ಅಂಕಿ ಅವರೇ ನೋಡಲಿ. ಕ್ಯಾಲಿಬ್ರೇಷನ್ ಆದ ದಿನಾಂಕ ಗೋಡೆ ಮೇಲೆ ಹಾಕ್ತೀನಿ. ಫೇಲಾದವರಿಗೆ ಚೀಟಿ ಜೊತೆಗೆ ಏನು ನೋಡಿಸಬೇಕು ಅಂತ ಬರೆದುಕೊಡ್ತೀನಿ, ಯಾವ ಗ್ಯಾರೇಜಿಂದಲೂ ಕಮಿಷನ್ ಮುಟ್ಟಲ್ಲ. ಇದು ನನ್ನ ಕೈಲಿರೋದು. ನಿಮ್ಮ ಕೈಲಿರೋದು ಒಂದಿದೆ.

ಮಾವ: ಹೇಳು.

ಸೊಸೆ: ನಿಮ್ಮ ಜೊತೆ ಕೆಲಸ ಮಾಡಿದ ನಿವೃತ್ತ ನಿರೀಕ್ಷಕರೆಲ್ಲ ಸೇರಿ ಸಾರಿಗೆ ಇಲಾಖೆಗೆ ಒಂದು ಮನವಿ ಬರೀರಿ. ಪ್ರತಿ ಕೇಂದ್ರದ ಅಂಕಿ ಈಗ ಸರ್ವರ್‌ಗೆ ಹೋಗ್ತಾನೇ ಇದೆ. ಯಾವ ಕೇಂದ್ರ ಪಾಸ್ ಮಾಡಿದ ಗಾಡಿ ಮುಂದಿನ ಸಲ ಬೇರೆ ಕಡೆ ಫೇಲಾಯ್ತು ಅಂತ ತಾಳೆ ನೋಡಲಿ. ಒಂದೂ ಫೇಲ್ ತೋರಿಸದ ಕೇಂದ್ರಕ್ಕೆ ಮೊದಲು ಹೋಗಿ ತಪಾಸಣೆ ಮಾಡಲಿ. ಸರಿಯಾಗಿ ಅಳೆಯೋ ಕೇಂದ್ರದ ಹೆಸರು ಜನರಿಗೆ ಕಾಣೋ ಹಾಗೆ ಹಾಕಲಿ. ಫೇಲಾದ ಆಟೊದವರಿಗೆ ರಿಪೇರಿ ನೆರವನ್ನೂ ಕೇಳಿ.

ಮಾವ: ಕಾಗದ ಪೆನ್ನು ತಗೊಂಡು ಬಾ. ನೀನು ಹೇಳ್ತಾ ಹೋಗು, ನಾನು ಬರೀತೀನಿ. ಮೊದಲನೇ ಸಾಲಿನಲ್ಲೇ ಹಾಕೋಣ: ಗಾಡಿ ಫೇಲ್ ಅಂತ ನಿಜ ಹೇಳಿದವರಿಗೆ ನಷ್ಟ ಆಗಬಾರದು.